ಬಂದೂಕಿದ್ದವರಿಗೆ ಕರಪತ್ರವೇಕೆ ಬೇಕಿತ್ತು?

ಪ್ಯಾಲೆಸ್ತೀನಿನಲ್ಲಿ ಬ್ರಿಟಿಷ್ ಆಳ್ವಿಕೆಯ ಕೊನೆಯ ವರ್ಷಗಳ ಬಗ್ಗೆ ಬರೆದಾಗಲೆಲ್ಲ ಓದುಗರು ನನ್ನನ್ನು ಕೇಳುವುದು ಇದನ್ನೇ: ಬಂದೂಕು, ಬಾಂಬು ಹಿಡಿದಿದ್ದ ಯಹೂದಿ ಭೂಗತ ಸಂಘಟನೆಗಳು ಗೋಡೆಗೆ ಕಾಗದ ಅಂಟಿಸುವುದಕ್ಕಾಗಿ ಹದಿಹರೆಯದ ಹುಡುಗ ಹುಡುಗಿಯರ ಜೀವವನ್ನೇಕೆ ಪಣಕ್ಕಿಟ್ಟವು?

ಆ ಕರಪತ್ರಗಳು ಬ್ರಿಟಿಷರ ವಿರುದ್ಧ ಬರೆದವಾದರೂ ಅವುಗಳ ಮುಖ್ಯ ಓದುಗರು ಯಹೂದಿ ಸಮುದಾಯದವರೇ ಆಗಿದ್ದರು ಎಂಬುದು ನನ್ನ ಉತ್ತರ. 1939ರಲ್ಲಿ ಬ್ರಿಟಿಷ್ ಸರ್ಕಾರ ಹೊರಡಿಸಿದ ಶ್ವೇತಪತ್ರವೆಂಬ ನೀತಿ ಪ್ರಕಟಣೆಯು ಪ್ಯಾಲೆಸ್ತೀನಿಗೆ ಮುಂದಿನ ಐದು ವರ್ಷಗಳ ಯಹೂದಿ ವಲಸೆಯನ್ನು 75,000ಕ್ಕೆ ಸೀಮಿತಗೊಳಿಸಿತ್ತು. ಯುರೋಪಿನಲ್ಲಿ ನರಮೇಧ ನಡೆಯುತ್ತಿದ್ದಾಗಲೂ ಬ್ರಿಟನ್ ಆ ನೀತಿಯನ್ನು ಕೈಬಿಡಲಿಲ್ಲ. ಆದರೂ ಹಿಟ್ಲರನ ವಿರುದ್ಧದ ಯುದ್ಧ ಮುಗಿಯುವ ತನಕ ಬ್ರಿಟಿಷರ ಮೇಲೆ ಆಯುಧವೆತ್ತಬಾರದೆಂಬುದು ಸಮುದಾಯದ ಅಧಿಕೃತ ನಾಯಕತ್ವವಾಗಿದ್ದ ಯಹೂದಿ ಏಜೆನ್ಸಿಯ ನಿಲುವಾಗಿತ್ತು. ಅದನ್ನು ಧಿಕ್ಕರಿಸಿದ ಇರ್ಗುನ್ ಎಂಬ ಭೂಗತ ಸಂಘಟನೆ, 1944ರ ಫೆಬ್ರವರಿ 1ರಂದು, ಮೆನಾಖೆಮ್ ಬೆಗಿನ್ ಅವರ ನಾಯಕತ್ವದಲ್ಲಿ ಬಂಡಾಯ ಸಾರಿದ್ದು ಗೋಡೆಗಳಿಗೆ ಅಂಟಿಸಿದ ಪ್ರಕಟಣೆಯ ಮೂಲಕವೇ. ಸ್ವಜನರ ನಾಯಕರಿಂದಲೇ ಭಿನ್ನಮತೀಯರೆನಿಸಿಕೊಂಡು, ಸೆನ್ಸಾರಿಗೆ ಒಳಪಟ್ಟ ಪತ್ರಿಕೆಗಳಲ್ಲಿ ತನ್ನ ಮಾತನ್ನು ಹೇಳಿಕೊಳ್ಳಲಾಗದಿದ್ದ ಸಂಘಟನೆಗೆ ಗೋಡೆಯೇ ಪತ್ರಿಕೆಯಾಯಿತು.

ಈ ಅಗತ್ಯ ಎಷ್ಟು ತೀವ್ರವಾಗಿತ್ತೆಂಬುದು ಅದೇ ವರ್ಷದ ನವೆಂಬರಿನಲ್ಲಿ ಕಂಡಿತು. ಲೆಹಿ ಎಂಬ ಇನ್ನೊಂದು ಭೂಗತ ಗುಂಪಿನವರು ಕೈರೋದಲ್ಲಿ ಬ್ರಿಟಿಷ್ ಸಚಿವ ಲಾರ್ಡ್ ಮೊಯ್ನ್ ಅವರನ್ನು ಕೊಂದ ಬಳಿಕ, ಏಜೆನ್ಸಿಯ ಅಧೀನದಲ್ಲಿದ್ದ ಹಗಾನಾ ಪಡೆಯು ಇರ್ಗುನ್ ಸದಸ್ಯರನ್ನು ಹಿಡಿದು ಬ್ರಿಟಿಷರಿಗೆ ಒಪ್ಪಿಸತೊಡಗಿತು. ಬೆಗಿನ್ ಪ್ರತೀಕಾರವನ್ನು ನಿಷೇಧಿಸಿದರು. ತಿರುಗಿ ಹೊಡೆಯುವುದಿಲ್ಲವೆಂದು ನಿರ್ಧರಿಸಿದವರಿಗೆ ತಮ್ಮ ಜನರೆದುರು ವಾದ ಮಂಡಿಸಲು ಮಾತಲ್ಲದೆ ಬೇರೇನು ಉಳಿದೀತು?

ಅಂಟಿಸುವ ಕೆಲಸ ಹೆಚ್ಚಾಗಿ ಕಿರಿಯ ಸದಸ್ಯರದು. 1945ರ ತುರ್ತು ನಿಯಮಗಳಡಿ ನಿಷೇಧಿತ ಸಂಘಟನೆಯ ಕರಪತ್ರವನ್ನು ಬಳಿಯಲ್ಲಿಟ್ಟುಕೊಳ್ಳುವುದೂ ಅಪರಾಧವಾಗಿತ್ತು. ಸಿಡಿದಾಗ ಕಾಗದಗಳನ್ನು ಬೀದಿಯ ತುಂಬ ಚೆಲ್ಲುವ ಕರಪತ್ರ ಬಾಂಬುಗಳನ್ನೂ ಇರ್ಗುನ್ ಬಳಸಿತು. 1947ರ ಮೇ 6ರಂದು ಜೆರುಸಲೇಮಿನಲ್ಲಿ ಲೆಹಿಯ ಭಿತ್ತಿಪತ್ರಗಳನ್ನು ಹಂಚಲು ಹೊರಟಿದ್ದ 16 ವರ್ಷದ ಅಲೆಕ್ಸಾಂಡರ್ ರುಬೊವಿಟ್ಜ್‌ನನ್ನು ಯಾರೋ ಹಿಡಿದು ಕಾರಿನೊಳಕ್ಕೆ ಎಳೆದುಕೊಂಡು ಹೋದರು. ಅಲ್ಲಿ ಬಿದ್ದಿದ್ದ ಟೋಪಿಯೊಂದರ ಜಾಡು ಹಿಡಿದು ಹೋದಾಗ ಸಂಶಯ ಬ್ರಿಟಿಷ್ ಪೊಲೀಸರ ವಿಶೇಷ ದಳದ ಮೇಜರ್ ರಾಯ್ ಫರಾನ್ ಅವರತ್ತ ತಿರುಗಿತು. ಸೇನಾ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಹುಡುಗನ ಶವ ಇಂದಿಗೂ ಸಿಕ್ಕಿಲ್ಲ. ಕಾಗದ ಅಂಟಿಸುವುದನ್ನು ಸಣ್ಣ ಕೆಲಸವೆಂದು ಭಾವಿಸುವವರಿಗೆ ನಾನು ಈ ಪ್ರಕರಣವನ್ನೇ ಹೇಳುತ್ತೇನೆ.

ಹಾಗೆಂದು ಆ ಕರಪತ್ರಗಳನ್ನು ಇತಿಹಾಸವೆಂದು ಓದಬಾರದು. ಇರ್ಗುನ್‌ನ ಲಾಂಛನದಲ್ಲಿ ಬಂದೂಕು ಹಿಡಿದ ಕೈಯ ಹಿಂದೆ ಜೋರ್ಡಾನ್ ನದಿಯ ಎರಡೂ ದಡಗಳ ನಕ್ಷೆಯಿತ್ತು; ಆ ಇಡೀ ನೆಲ ಯಹೂದಿಗಳದೆಂಬ ಹಕ್ಕುಸಾಧನೆ ಅದು. ಆ ನೆಲದಲ್ಲಿ ಬಹುಸಂಖ್ಯಾತರಾಗಿದ್ದ ಅರಬರಿಗೆ ಆ ನಕ್ಷೆಯ ಅರ್ಥವೇನೆಂಬುದನ್ನು ಮರೆತು ಅವುಗಳನ್ನು ಓದುವುದು ನ್ಯಾಯವಲ್ಲ. 1946ರ ಜುಲೈ 22ರಂದು, ಬ್ರಿಟಿಷ್ ಆಡಳಿತದ ಕಚೇರಿಗಳಿದ್ದ ಜೆರುಸಲೇಮಿನ ಕಿಂಗ್ ಡೇವಿಡ್ ಹೋಟೆಲಿನಲ್ಲಿ ಸ್ಫೋಟ ನಡೆಸಿದ ಇರ್ಗುನ್, ತಾನು ದೂರವಾಣಿಯಲ್ಲಿ ಮುನ್ನೆಚ್ಚರಿಕೆ ಕೊಟ್ಟಿದ್ದಾಗಿ ಪ್ರಕಟಿಸಿತು. ಆದರೆ ಸತ್ತ 91 ಮಂದಿಯಲ್ಲಿ ಬ್ರಿಟಿಷರೊಂದಿಗೆ ಅರಬರೂ ಯಹೂದಿಗಳೂ ಇದ್ದರು.