ಐದು ವರ್ಷದ ಮಗುವಿಗೆ ಅಭಿನಯ ಬರುತ್ತಾ ಮೇಡಂ?

ಮಗುವನ್ನು ಭರತನಾಟ್ಯಕ್ಕೆ ಸೇರಿಸಲು ಬರುವ ಅಪ್ಪ ಅಮ್ಮಂದಿರು ತಪ್ಪದೆ ಕೇಳುವುದು ಇದನ್ನೇ: "ಇಷ್ಟು ಚಿಕ್ಕವರಿಗೆ ಕಥೆ, ಅಭಿನಯ ಎಲ್ಲಾ ಏನು ಗೊತ್ತಾಗುತ್ತೆ? ಮೊದಲು ಹೆಜ್ಜೆ ಹಾಕೋ ಅಡವು ಕಲೀಲಿ, ಅದನ್ನ ಆಮೇಲೆ ನೋಡೋಣ ಅಲ್ವಾ?"

ಆಮೇಲೆ ಅಂದರೆ ತಡವಾಗುತ್ತದೆ. 10 ವರ್ಷ ಆಗುವ ಹೊತ್ತಿಗೆ ನಾಚಿಕೆ ಶುರು. ಪಕ್ಕದವಳು ನಗುತ್ತಾಳಾ ಅಂತ ನೋಡಿಕೊಂಡೇ ಕೈ ಎತ್ತುತ್ತಾರೆ. ಐದು ವರ್ಷದವರಿಗೆ ಆ ಯೋಚನೆಯೇ ಇಲ್ಲ. ಹುಲಿ ಅಂದರೆ ಹುಲಿ, ಅಷ್ಟೇ.

ಅಡವು ಬೇಡ ಅಂತಲ್ಲ. ಬಸವನಗುಡಿಯ ನಮ್ಮ ಕ್ಲಾಸು ಒಂದು ಗಂಟೆ. ಅದರಲ್ಲಿ 40 ನಿಮಿಷ ತಟ್ಟಡವು, ನಾಟಡವು. ಪುಟ್ಟ ಮಂಡಿಗಳು, ಮಂಡಿ ಬಾಗಿಸಿ ಅರ್ಧ ಕೂರುವ ಅರಮಂಡಿಯಲ್ಲಿ ಮಾತ್ರ ಜಾಸ್ತಿ ಹೊತ್ತು ಕೂರಿಸುವುದಿಲ್ಲ. ಉಳಿದ 20 ನಿಮಿಷ ಕಥೆಗೆ.

ಮೊದಮೊದಲು ನಾನೂ ಎಡವಿದ್ದೆ. ಗೋವಿನ ಹಾಡು ಹೇಳಿಕೊಡುವಾಗ "ಈಗ ಹೆದರಬೇಕು, ಈಗ ಅಳಬೇಕು" ಅಂತ ಮುಖ ಮಾಡಿ ತೋರಿಸುತ್ತಿದ್ದೆ. 12 ಮಕ್ಕಳೂ ಒಂದೇ ಬೆರಳಲ್ಲಿ, ಒಂದೇ ಸಲಕ್ಕೆ ಕಣ್ಣೀರು ಒರೆಸುತ್ತಿದ್ದರು. ಪಾಪ, ಒಬ್ಬರಿಗೂ ದುಃಖ ಆಗಿರಲಿಲ್ಲ. ಈಗ ಮುಖದ ಸುದ್ದಿಗೇ ಹೋಗುವುದಿಲ್ಲ. ಹಸು ಎಲ್ಲಿ ನಿಂತಿದೆ? ನಿನಗಿಂತ ಎತ್ತರಾನಾ? ಬಿಂದಿಗೆ ತುಂಬಿದೆಯಾ, ಖಾಲಿಯಾ? ಇಷ್ಟೇ ಕೇಳುತ್ತೇನೆ. ಕೈ ಹೋದಲ್ಲಿ ಕಣ್ಣು ಹೋಗಬೇಕು ಎನ್ನುತ್ತದೆ ನಾಟ್ಯದ ಹಳೆಯ ಗ್ರಂಥ ಅಭಿನಯ ದರ್ಪಣ. ಆ ಶ್ಲೋಕವನ್ನು ಮಕ್ಕಳು ಗಿಳಿಪಾಠ ಒಪ್ಪಿಸುತ್ತಾರೆ. ಆದರೆ ಅಲ್ಲಿ ಹಸುವೇ ಇಲ್ಲದಿದ್ದರೆ ಕಣ್ಣು ಏನನ್ನು ನೋಡಬೇಕು?

ಅದೇ ಗ್ರಂಥದಲ್ಲಿ ಒಂದೇ ಕೈಯಲ್ಲಿ ಹಿಡಿಯುವ 28 ಹಸ್ತಗಳಿವೆ, ಅಂದರೆ ಕೈಮುದ್ರೆಗಳು. ಕಪಿತ್ಥ ಅವುಗಳಲ್ಲೊಂದು. ಮುಷ್ಟಿ ಕಟ್ಟಿ, ಹೆಬ್ಬೆರಳ ಮೇಲೆ ತೋರುಬೆರಳನ್ನು ಬಾಗಿಸಿದರೆ ಆಯಿತು. ಹಾಲು ಕರೆಯುವುದನ್ನು ತೋರಿಸಲು ಅದನ್ನೇ ಬಳಸುತ್ತೇವೆ. ಒಂದು ದಿನ ಹಸ್ತ ಹೇಳಿಕೊಡದೆ, ಸುಮ್ನೆ "ಹಾಲು ತನ್ನಿ" ಎಂದೆ. ಒಬ್ಬಳು ಗಾಳಿಯಲ್ಲಿ ನಂದಿನಿ ಪ್ಯಾಕೆಟ್ ಹಿಡಿದಳು. ಎರಡು ಬೆರಳು ಕತ್ತರಿಯಾಗಿ ಮೂಲೆ ಕತ್ತರಿಸಿತು. ಪಾತ್ರೆಗೆ ಸುರಿದಳು. ಕೊನೆಯ ಹನಿಯೂ ಬೀಳಲಿ ಅಂತ ಪ್ಯಾಕೆಟ್ಟನ್ನು ಮೇಲಿಂದ ಕೆಳಗೆ ಹಿಂಡಿದಳು. ಅವರಮ್ಮ ಮನೆಯಲ್ಲಿ ಹಾಗೇ ಮಾಡುತ್ತಾರಂತೆ! ಆ ಹಿಂಡುವ ಕೈಯನ್ನೇ ಸ್ವಲ್ಪ ತಿದ್ದಿದೆ. ಕಪಿತ್ಥ ಆಯಿತು.

ನಮ್ಮ ರಸ್ತೆಯ ತರಕಾರಿ ಗಾಡಿ ಹತ್ತಿರ ಒಂದು ಹಸು ದಿನಾ ಬರುತ್ತದೆ. ಮಕ್ಕಳನ್ನು ಗೇಟಿನ ಬಳಿ ನಿಲ್ಲಿಸಿ, ನೋಡಿ ಎಂದೆ. ಮುಂದಿನ ವಾರ ನಮ್ಮ ಪುಣ್ಯಕೋಟಿಗೆ ಕಿವಿ ಬಂದಿತ್ತು. ನೊಣ ಓಡಿಸುವ ಕಿವಿ. ಹುಲಿ ಎದುರು ಬಂದಾಗಲೂ ಅಲ್ಲಾಡುತ್ತಲೇ ಇತ್ತು. "ಹೆದರಿಕೆ ಆದಾಗ ಹಸು ಕಿವಿ ಏನು ಮಾಡುತ್ತೆ ಪುಟ್ಟಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದಳು. ಕಿವಿ ನಿಂತಿತು. ಹುಲಿಯಾಗಿದ್ದ ಹುಡುಗ ಒಂದು ಹೆಜ್ಜೆ ಹಿಂದೆ ಸರಿದ.

ಮನೆಯಲ್ಲಿ ಏನು ಪ್ರಾಕ್ಟೀಸ್ ಮಾಡಿಸಲಿ ಅಂತಲೂ ಕೇಳುತ್ತಾರೆ. ಕನ್ನಡಿ ಮುಂದೆ ನಿಲ್ಲಿಸಿ ನಗಿಸಬೇಡಿ. ನೆಂಟರು ಬಂದಾಗ "ಒಂದ್ಸಲ ಮಾಡಿ ತೋರಿಸು" ಅನ್ನಬೇಡಿ. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟನ್ನು ಅವರ ಕೈಲೇ ತರಿಸಿ.