ಹದಿನಾಲ್ಕನೇ ದಿನ

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಈಚೆಗೆ ನೆಂಟರಿಷ್ಟರ ಮನೆಯಲ್ಲಿ ಸಾವಾದರೆ ನನಗೊಂದು ಫೋನು ಬರುತ್ತದೆ: ‘ನೀನು ಹೇಗೆ ಸುಧಾರಿಸಿಕೊಂಡೆ? ಎಷ್ಟು ದಿನ ಹಿಡೀತು?’

ನನ್ನ ಹತ್ತಿರ ಲೆಕ್ಕ ಇರುವುದು ಮೊದಲ ಹದಿಮೂರು ದಿನದ್ದು ಮಾತ್ರ. ಆಗ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿ ಅಸ್ಥಿ ಬಿಟ್ಟು ಬಂದೆವು. ಪುರೋಹಿತರಿಗೆ ಎಳ್ಳು, ದರ್ಭೆ ಹೊಂದಿಸಬೇಕು, ಅಡುಗೆಯವರಿಗೆ ಎಷ್ಟು ಎಲೆ ಅಂತ ಹೇಳಬೇಕು. ವೈಕುಂಠ ಸಮಾರಾಧನೆ ಮುಗಿಯಿತು, ಶಾಮಿಯಾನ ಬಿಚ್ಚಿಕೊಂಡು ಹೋದರು. ಹದಿನಾಲ್ಕನೇ ದಿನ ಬೆಳಿಗ್ಗೆ ಎದ್ದರೆ ಮಾಡಲು ಏನೂ ಇಲ್ಲ. ನಮ್ಮ ಮನೆಗೆ ಸೂತಕ ಬಂದದ್ದು ಅವತ್ತು.

ವಾಟ್ಸಾಪಿನಲ್ಲಿ ಯಾರೋ ‘ದುಃಖದ ಐದು ಹಂತ’ ಕಳಿಸಿದರು. ನಿರಾಕರಣೆ ಆದಮೇಲೆ ಕೋಪವಂತೆ. ಬಸ್ಸಿಗೆ ಕಾದ ಹಾಗೆ ಕೋಪಕ್ಕೆ ಕಾದೆ, ಬರಲಿಲ್ಲ. ಆಮೇಲೆ ತಿಳಿಯಿತು, ಎಲಿಸಬೆತ್ ಕೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸಾಯುವ ಕಾಯಿಲೆಯಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಉಳಿದುಕೊಂಡ ನಮ್ಮಂಥವರನ್ನು ನೋಡಿ ಅಲ್ಲ! ನನಗೆ ಸರಿಹೊಂದಿದ್ದು ಸ್ಟ್ರೋಬೆ ಮತ್ತು ಶುಟ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು 1999ರಲ್ಲಿ ಹೇಳಿದ್ದು. ಮನಸ್ಸು ಒಮ್ಮೆ ಹೋದವರ ಕಡೆ, ಒಮ್ಮೆ ಮುಂದಿನ ಬದುಕಿನ ಕಡೆ ತೂಗಾಡುತ್ತಲೇ ಇರುತ್ತದಂತೆ. ಮದುವೆಮನೆಯಲ್ಲಿ ನಕ್ಕು, ಹೋಳಿಗೆ ಬಡಿಸುವಾಗ ಅಪ್ಪನ ನೆನಪಾಗಿ ಕಣ್ಣು ತುಂಬಿದ ದಿನ ಆ ಮಾತು ಕೈಹಿಡಿಯಿತು.

ಊಟ ನಿದ್ದೆ ಬಿಟ್ಟು ತಿಂಗಳುಗಟ್ಟಲೆ ಮಂಕಾಗಿ ಕೂತವರಿಗೆ ಮಾತ್ರ ನಾನು ನನ್ನ ಕತೆ ಹೇಳುವುದಿಲ್ಲ. 14416ಕ್ಕೆ ಫೋನು ಮಾಡಿ ಅನ್ನುತ್ತೇನೆ. ಟೆಲಿ ಮನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನನ್ನ ವಿಷಯ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಪ್ಪನ ಅಕ್ಷರವಿತ್ತು: 4ರ ಮನೆಯಲ್ಲಿ ‘ಹೊಸ ಸಿಲಿಂಡರ್’, 9ರಲ್ಲಿ ‘ಹಾಲು ಅರ್ಧ ಲೀಟರ್ ಮಾತ್ರ’. ಆ ಹಾಳೆ ಹರಿಯಲು ಅಮ್ಮ ಬಿಡಲಿಲ್ಲ. ನವೆಂಬರ್ ಬಂದರೂ ನಮ್ಮ ಮನೆಯಲ್ಲಿ ಆಗಸ್ಟೇ. ಒಂದು ದಿನ ಸಾರು ಕುದಿಯುವಾಗ ಗ್ಯಾಸ್ ಖಾಲಿಯಾಯಿತು. ಹಿಂದಿನ ಸಿಲಿಂಡರ್ ಯಾವತ್ತು ಹಾಕಿದ್ದೆಂದು ಯಾರೂ ಬರೆದಿಟ್ಟಿರಲಿಲ್ಲ. ಅಮ್ಮ ಸುಮ್ಮನೆ ನಿಂತಿದ್ದವಳು, ತಾನೇ ಮೂರು ಹಾಳೆ ಹರಿದು, ಪೆನ್ನು ನನ್ನ ಕೈಗಿಟ್ಟಳು. ‘ಬರಿ’ ಅಂದಳು.

ಆವತ್ತಿನಿಂದ ಬರೆಯುತ್ತಿದ್ದೇನೆ, ಅಪ್ಪನಷ್ಟು ದುಂಡಗಲ್ಲ. ಆಗಸ್ಟಿನ ಹಾಳೆ ನಾಲ್ಕು ಮಡಿಕೆಯಾಗಿ ಗ್ಯಾಸ್ ಪುಸ್ತಕದೊಳಗಿದೆ.