ಗೋಡೆಗೆ ಅಂಟಿದ ಹಾಲಿನ ಕವರ್

ನಮ್ಮ ಮನೆಗೆ ಬಂದವರು ಅಡುಗೆಮನೆ ಬಾಗಿಲಲ್ಲಿ ಒಮ್ಮೆ ನಿಂತೇ ನಿಲ್ಲುತ್ತಾರೆ. ಸಿಂಕಿನ ಮೇಲಿನ ಟೈಲ್ಸಿಗೆ ತೊಳೆದ ಹಾಲಿನ ಕವರ್ ಎರಡು ಅಂಟಿಕೊಂಡಿರುತ್ತವೆ. ಫ್ರಿಜ್ ತೆಗೆದರೆ ಕೆನೆ ಡಬ್ಬಿ. ಬಚ್ಚಲಲ್ಲಿ ವಾಷಿಂಗ್ ಮಷೀನಿನ ನೀರು ಹಿಡಿದಿಟ್ಟ ಬಕೆಟ್. ಇಷ್ಟು ನೋಡಿದ ಮೇಲೆ ಪ್ರಶ್ನೆ ಬರದೇ ಇರುತ್ತದಾ? "ಇಷ್ಟೆಲ್ಲ ಉಳಿಸ್ತೀರಲ್ಲ, ಮಾಡೋಕೆ ಬೇಜಾರಾಗಲ್ವಾ? ಯಾವ ಕೆಲಸ ಕಂಡ್ರೆ ನಿಮಗೆ ಆಗೋದೇ ಇಲ್ಲ?"

ಬಹಳ ವರ್ಷ ನಾನು ಯೋಚನೆಯನ್ನೇ ಮಾಡದೆ ಒಂದೇ ಉತ್ತರ ಕೊಡುತ್ತಿದ್ದೆ. ಹುಣಸೆಹಣ್ಣಿನ ಬೀಜ ಬಿಡಿಸುವುದು.

ಮಾರ್ಚ್ ಹೊತ್ತಿಗೆ ಹೊಸ ಹುಣಸೆಹಣ್ಣು ಬರುತ್ತದೆ. ಬೀಜ ಬಿಡಿಸಿದ್ದಕ್ಕೆ ರೇಟು ಜಾಸ್ತಿ, ಬೀಜ ಇರುವುದಕ್ಕೆ ಕಮ್ಮಿ. ನಾವು ಯಾವುದು ತರುತ್ತೇವೆ ಅಂತ ಬೇರೆ ಹೇಳಬೇಕಿಲ್ಲ. ತುಮಕೂರು ಕಡೆಯಿಂದ ಹತ್ತು ಕೆ.ಜಿ. ತಂದರೆ ಬೀಜ, ನಾರು ಎಲ್ಲ ಹೋಗಿ ಕೈಗೆ ಸಿಗುವುದು ಆರು ಕೆ.ಜಿ. ಮೊದಲು ಎರಡು ದಿನ ತಾರಸಿ ಮೇಲೆ ಬಿಸಿಲಿಗೆ ಹಾಕಬೇಕು. ಚೆನ್ನಾಗಿ ಒಣಗಿದ್ದರೆ ಕಲ್ಲಿನ ಮೇಲಿಟ್ಟು ಬಡಿದ ಕೂಡಲೇ ಬೀಜ ಟಣ್ಣನೆ ಹಾರುತ್ತದೆ. ಒಣಗಿದ್ದು ಸಾಲದಿದ್ದರೆ ಮುಗೀತು, ಕಲ್ಲು, ಕೈ, ಉಟ್ಟ ಬಟ್ಟೆ ಎಲ್ಲ ಅಂಟು. ಅಮ್ಮ ಕೈಗೆ ಹರಳೆಣ್ಣೆ ಸವರಿಕೊಂಡು ಕೂರುತ್ತಾರೆ. ನಾನು ಪ್ರತಿ ವರ್ಷ ಅದನ್ನು ಮರೆಯುತ್ತೇನೆ. ಬೆರಳಲ್ಲಿ ಎಲ್ಲೋ ಒಂದು ಸಣ್ಣ ಗೀರು ಇರುತ್ತದೆ. ಇದೆ ಅಂತ ಗೊತ್ತಾಗುವುದೇ ಹುಳಿ ತಾಗಿದ ಮೇಲೆ.

ಆಮೇಲೆ ಕಲ್ಲುಪ್ಪು ಬೆರೆಸಿ ಪಿಂಗಾಣಿ ಭರಣಿಗೆ ಒತ್ತಿ ತುಂಬುವುದು. ಉಪ್ಪು ಇದ್ದರೆ ಹುಳು ಬೀಳುವುದಿಲ್ಲ. ಸ್ಟೀಲ್ ಡಬ್ಬಿಗೆ ಮಾತ್ರ ತುಂಬಬೇಡಿ, ಹುಳಿ ಉಪ್ಪು ಎರಡೂ ಸೇರಿ ಡಬ್ಬಿಯನ್ನೇ ತಿನ್ನುತ್ತವೆ. ಬೀಜಕ್ಕೂ ಗಿರಾಕಿ ಇದೆ. ಅದರ ಪುಡಿಯನ್ನು ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಬಳಸುತ್ತಾರೆ. ನಮ್ಮಲ್ಲಿ ಮಗಳು ನಾಲ್ಕು ಒಳ್ಳೆಯ ಬೀಜ ಆರಿಸಿ, ಒಂದು ಪಕ್ಕ ಬಿಳಿ ಕಾಣುವವರೆಗೆ ಮೆಟ್ಟಿಲಿಗೆ ಉಜ್ಜಿ, ಚೌಕಾಬಾರಕ್ಕೆ ಇಟ್ಟುಕೊಳ್ಳುತ್ತಾಳೆ.

ಒಂದು ಯುಗಾದಿಗೆ ಮನೆಗೆ ಬಂದ ಗೆಳೆಯ ಇದೇ ಪ್ರಶ್ನೆ ಕೇಳಿದ. ನಾನು ಹುಣಸೆಹಣ್ಣಿನ ಪುರಾಣ ಶುರು ಮಾಡಿದೆ. ಗೀರಿನ ತನಕ ಬಂದಿದ್ದೆ, ಒಳಗಿಂದ ಹೆಂಡತಿಯ ದನಿ. "ರೀ, ಅದು ವರ್ಷಕ್ಕೊಂದು ಸಲ. ಅದರಲ್ಲೂ ನೀವು ಕೂರೋದು ಅರ್ಧ ಗಂಟೆ. ದಿನಾ ಹಾಲಿನ ಕವರ್ ತೊಳೆಯೋರು ಯಾರು ಅಂತ ಹೇಳಿ ಅವರಿಗೆ."

ಹೇಳುವುದೇನಿತ್ತು? ಹುಣಸೆಹಣ್ಣು ಬಡಿಯುವ ದಿನ ಪಕ್ಕದ ಮನೆ ಅಜ್ಜಿಯೂ ಬಂದು ಕೂರುತ್ತಾರೆ. ಎರಡು ಸಲ ಕಾಫಿ ಆಗುತ್ತದೆ. ಯಾರ ಮನೆಯಲ್ಲಿ ಮದುವೆ, ಯಾರಿಗೆ ಟ್ರಾನ್ಸ್‌ಫರ್, ಎಲ್ಲ ಸುದ್ದಿ ಬೀಜದ ಜೊತೆ ಉದುರುತ್ತದೆ. ಕವರ್ ತೊಳೆಯುವವಳ ಪಕ್ಕ ಯಾರೂ ಮಣೆ ಹಾಕಿಕೊಂಡು ಕೂರುವುದಿಲ್ಲ. ತೊಳೆದರೆ ಯಾರಿಗೂ ಕಾಣುವುದಿಲ್ಲ, ತೊಳೆಯದಿದ್ದರೆ ಮನೆಮಂದಿಗೆಲ್ಲ ವಾಸನೆ.

ಅವತ್ತೇ ಆ ಕೆಲಸ ನನ್ನ ಪಾಲಿಗೆ ಬಂತು. ಇದರಲ್ಲೂ ಕ್ರಮ ಇದೆ ಅಂತ ಆಮೇಲೆ ಗೊತ್ತಾಯಿತು. ಮೂಲೆಯನ್ನು ಪೂರ್ತಿ ಕತ್ತರಿಸಬಾರದು, ಆ ಚೂರು ಸೀದಾ ಚರಂಡಿಗೆ ಹೋಗುತ್ತದೆ. ಅರ್ಧ ಕತ್ತರಿಸಿ ನೇತಾಡಲು ಬಿಡಬೇಕು. ಹಾಲು ಸುರಿದ ಮೇಲೆ ಒಂದಿಷ್ಟು ನೀರು ಹಾಕಿ ಅಲ್ಲಾಡಿಸಿ ಅದನ್ನೂ ಪಾತ್ರೆಗೇ ಬಗ್ಗಿಸಬೇಕು. ಕೊನೆಗೆ ಮೇಲಂಚು ಸೀಳಿ, ಒಳಗಿನದು ಹೊರಗೆ ಮಾಡಿ, ತೊಳೆದು, ಒದ್ದೆ ಇರುವಾಗಲೇ ಟೈಲ್ಸಿಗೆ ಅಂಟಿಸುವುದು. ಒಣಗಿದ ಮೇಲೆ ತಾನೇ ಕಳಚಿಕೊಂಡು ಬೀಳುತ್ತದೆ. ಎಲ್ಲಿ ಬೀಳುತ್ತದೆ ಅನ್ನುವುದು ಅದರ ಇಷ್ಟ.

ದಿನಕ್ಕೆ ಅರ್ಧ ಲೀಟರಿನ ಎರಡು ಕವರ್. ಎರಡು ತಿಂಗಳು ಕೂಡಿಟ್ಟು, ನೂರಿಪ್ಪತ್ತು ಕವರ್ ಹೊತ್ತುಕೊಂಡು ರದ್ದಿ ಅಂಗಡಿಗೆ ಹೋದೆ. ತಕ್ಕಡಿಯಲ್ಲಿ ಅರ್ಧ ಕೆ.ಜಿ.ಯೂ ತೂಗಲಿಲ್ಲ. ಬಂದ ದುಡ್ಡಲ್ಲಿ ಒಂದು ಕಾಫಿ ಕುಡಿಯೋಕೂ ಆಗುತ್ತಿರಲಿಲ್ಲ. ಮನೆಗೆ ಬಂದವನೇ "ಇದನ್ನ ಬಿಟ್ಟುಬಿಡೋಣ" ಅಂದೆ. ಅಮ್ಮ ತಲೆ ಎತ್ತದೆ ಹೇಳಿದರು: "ತೊಳೀದೆ ಕಸಕ್ಕೆ ಹಾಕಿ ನೋಡು. ಒಣಕಸದ ಗಾಡಿ ಬರೋ ಹೊತ್ತಿಗೆ ನೀನೇ ಮನೆ ಬಿಟ್ಟು ಓಡ್ತೀಯ." ಅಲ್ಲಿಗೆ ಉಳಿತಾಯದ ಮಾತು ಬಿದ್ದುಹೋಯಿತು, ಕೆಲಸ ಮಾತ್ರ ಉಳಿಯಿತು.

ಅಮ್ಮನಿಗೆ ಆಗದ ಕೆಲಸವೇ ಬೇರೆ. ಕೆನೆ ಡಬ್ಬಿ ತೊಳೆಯುವುದು. ನಮಗೆ ಬರುವುದು ನಂದಿನಿಯ ನೀಲಿ ಕವರಿನ ಟೋನ್ಡ್ ಹಾಲು, ಅದರಲ್ಲಿ ಕೊಬ್ಬು ಶೇಕಡಾ 3. ಅಂದರೆ ಲೀಟರಿಗೆ ಸುಮಾರು 30 ಗ್ರಾಂ. ಕಾಯಿಸಿ ಆರಿಸಿ ತೆಗೆದರೆ ಅದರಲ್ಲಿ ಅರ್ಧ ಕೆನೆಯಾಗಿ ಸಿಕ್ಕಿತು ಅಂತಿಟ್ಟುಕೊಳ್ಳಿ, ತಿಂಗಳಿಗೆ ನಾನೂರು ಗ್ರಾಮಿನ ಮೇಲೆ ತುಪ್ಪ. ಕಮ್ಮಿಯೇನಲ್ಲ. ಆದರೆ ಆ ಕೆನೆ ನಾವು ಸುಮ್ನೆ ಕುಡಿಯಬಹುದಾಗಿದ್ದ ಹಾಲಿನದೇ ಅಲ್ವಾ? ಮೊಸರು ತೆಳ್ಳಗಾಗುತ್ತದೆ ಅಂತ ಮಗಳು ಗೊಣಗುವುದರಲ್ಲಿ ತಪ್ಪಿಲ್ಲ. ಹೋಮೋಜಿನೈಸ್ಡ್ ಹಾಲು ತಂದು ಕೆನೆಗೆ ಕಾಯುವವರಿಗೆ ಒಂದು ಮಾತು, ಅದರಲ್ಲಿ ಕೊಬ್ಬನ್ನು ಸಣ್ಣ ಸಣ್ಣ ಹನಿಯಾಗಿ ಒಡೆದಿರುತ್ತಾರೆ, ಕೆನೆ ಮೇಲೆ ಬರುವುದಿಲ್ಲ.

ಕೆನೆ ಡಬ್ಬಿಗೆ ಮೊದಲ ದಿನವೇ ಒಂದು ಚಮಚ ಹೆಪ್ಪು ಹಾಕಬೇಕು. ಇಲ್ಲದಿದ್ದರೆ ಹತ್ತನೇ ದಿನಕ್ಕೆ ಮುಚ್ಚಳ ತೆಗೆದವರ ಮುಖ ನೋಡಬೇಕು. ತಣ್ಣೀರು ಹಾಕಿ ಮಿಕ್ಸಿಯಲ್ಲಿ ತಿರುಗಿಸಿದರೆ ಬೆಣ್ಣೆ ತೇಲುತ್ತದೆ. ಕಾಯಿಸುವಾಗ ಒಂದೆರಡು ಎಸಳು ನುಗ್ಗೆಸೊಪ್ಪು ಬಿದ್ದರೆ ಇಡೀ ಮನೆ ಘಮ್ ಅನ್ನುತ್ತದೆ. ತಳದ ಗಸಿಗೆ ಸಕ್ಕರೆ ಹಾಕಿಕೊಂಡು ತಿನ್ನಲು ನಾನು, ಮಗಳು ಕಿತ್ತಾಡುತ್ತೇವೆ. ಇಷ್ಟೆಲ್ಲ ಆದ ಮೇಲೆ ಸಿಂಕಲ್ಲಿ ಉಳಿಯುವುದು ಡಬ್ಬಿ, ಮಿಕ್ಸಿ ಜಾರು, ಅದರ ಬ್ಲೇಡಿನ ಸಂದಿ. ಬಿಸಿನೀರು, ಸೀಗೆಪುಡಿ ಹಾಕಿ ಉಜ್ಜಿದರೂ ಬೆರಳಿನ ಜಿಡ್ಡು ಸಾಯಂಕಾಲದವರೆಗೆ ಹೋಗುವುದಿಲ್ಲ. "ತುಪ್ಪ ತಿನ್ನೋಕೆ ನಾಲ್ಕು ಜನ" ಅಂತ ಅಮ್ಮ ಅರ್ಧ ಹೇಳಿ ನಿಲ್ಲಿಸುತ್ತಾರೆ. ಉಳಿದರ್ಧ ನಮಗೆ ಗೊತ್ತು.

ಬಕೆಟ್ ಹೊರುವುದು ಮಾತ್ರ ಯಾರಿಗೂ ಅಷ್ಟು ಬೇಜಾರಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬಿಸಿ ಮುಟ್ಟಿದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. ಬಟ್ಟೆ ಜಾಲಿಸಿದ ನೀರನ್ನು ಹಿಡಿದು ಟಾಯ್ಲೆಟ್ಟಿಗೆ ಸುರಿಯುವ ಅಭ್ಯಾಸ ಆಗ ಶುರುವಾಗಿದ್ದು. ಮಳೆ ಬಂದ ಮೇಲೂ ನಿಲ್ಲಲಿಲ್ಲ. ಸೋಪಿನ ಚೂರು ಒತ್ತಿ ಹೊಸ ಸೋಪು ಮಾಡುವುದನ್ನು ಮಾತ್ರ ನಾವು ಕೈಬಿಟ್ಟೆವು. ಅದು ಮೈಗೆ ಉಜ್ಜುವ ಹೊತ್ತಿಗೆ ಸರಿಯಾಗಿ ಮೂರು ಭಾಗವಾಗುತ್ತಿತ್ತು.

ಈಗ ಯಾರಾದರೂ ಆ ಪ್ರಶ್ನೆ ಕೇಳಿದರೆ ನಾನು ಬಾಯಿ ಬಿಡುವುದಿಲ್ಲ, ಗೋಡೆಯ ಕಡೆ ಕೈ ತೋರಿಸುತ್ತೇನೆ. ನಿನ್ನೆ ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಒಂದು ಕವರ್ ಒಣಗಿ, ಜಾರಿ, ಮುಚ್ಚಳ ತೆಗೆದಿಟ್ಟ ಸಾರಿನ ಪಾತ್ರೆಗೆ ಬಿತ್ತು. ಮಗಳು ಸೌಟಲ್ಲಿ ಎತ್ತಿ ನನ್ನ ಮುಂದೆ ಹಿಡಿದಳು. "ಅಪ್ಪಾ, ಇದನ್ನ ಮತ್ತೆ ತೊಳೀಬೇಕು."